ಕಳೆದು ಉಳಿದ ಸೆಳೆತ

ಹತ್ತೊಂಬತ್ತನೆಯ ಶತಮಾನದ ರಸಾಯನಶಾಸ್ತ್ರದಲ್ಲಿ ಧಾತುಗಳನ್ನು ತೂಕದ ಕ್ರಮದಲ್ಲಿ ಸಾಲಾಗಿ ನಿಲ್ಲಿಸುವುದು ಹೆಚ್ಚು ಪ್ರಶ್ನೆಗೆ ಒಳಗಾಗದ ರೂಢಿಯಾಗಿತ್ತು. 1869ರಲ್ಲಿ ದ್ಮಿತ್ರಿ ಮೆಂಡೆಲೀವ್ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಪ್ರಕಟಿಸಿದ ಆವರ್ತಕ ಕೋಷ್ಟಕಕ್ಕೆ ಆಧಾರವಾಗಿದ್ದುದು ಪರಮಾಣು ತೂಕ, ಅಂದರೆ ಒಂದು ಧಾತುವಿನ ಪರಮಾಣು ಹೈಡ್ರೋಜನ್ ಪರಮಾಣುವಿಗಿಂತ ಸರಿಸುಮಾರು ಎಷ್ಟು ಪಟ್ಟು ಭಾರವೆಂದು ಹೇಳುವ ಸಂಖ್ಯೆ. ಪರಮಾಣುವಿನ ಗುಣಗಳಲ್ಲಿ ಅಂದು ನಿಖರವಾದ ಅಳತೆಗೆ ಸಿಕ್ಕುತ್ತಿದ್ದುದು ಬಹುಮಟ್ಟಿಗೆ ಅದೊಂದೇ ಆಗಿದ್ದುದರಿಂದ ಬೇರೆ ದಾರಿಯೂ ಇರಲಿಲ್ಲ. ಆದರೆ ಈ ಸಾಲು ಮೂರು ಕಡೆ ಮುಗ್ಗರಿಸುತ್ತಿತ್ತು. ಟೆಲ್ಯೂರಿಯಂ (127.6) ಅಯೋಡಿನ್‌ಗಿಂತ (126.9) ಭಾರವಾಗಿದ್ದರೂ ಗುಣಗಳನ್ನು ನೋಡಿದರೆ ಅಯೋಡಿನ್‌ಗಿಂತ ಮೊದಲೇ ಬರಬೇಕಾಗಿತ್ತು, 1894ರಲ್ಲಿ ಪತ್ತೆಯಾದ ಆರ್ಗಾನ್ ತನಗಿಂತ ಹಗುರವಾದ ಪೊಟ್ಯಾಸಿಯಂನ ಮುಂದೆ ನಿಲ್ಲಬೇಕಾಯಿತು, ಕೋಬಾಲ್ಟ್ ಮತ್ತು ನಿಕ್ಕಲ್‌ಗಳ ಸ್ಥಿತಿಯೂ ಹೀಗೆಯೇ ಇತ್ತು. ಟೆಲ್ಯೂರಿಯಂನ ವಿಷಯದಲ್ಲಿ ತಪ್ಪು ತೂಕದ್ದೇ ಹೊರತು ಕೋಷ್ಟಕದ್ದಲ್ಲವೆಂದು ಮೆಂಡೆಲೀವ್ ನಂಬಿದ್ದರು, ಮತ್ತು ಆ ನಂಬಿಕೆಯನ್ನು ಪರೀಕ್ಷಿಸಲು ಪ್ರಾಗ್‌ನ ಬೊಹುಸ್ಲಾವ್ ಬ್ರೌನರ್ ಟೆಲ್ಯೂರಿಯಂನ ಪರಮಾಣು ತೂಕವನ್ನು ನಿರ್ಧರಿಸುವುದರಲ್ಲೇ ವರ್ಷಗಳನ್ನು ಕಳೆದರು. ತಕ್ಕಡಿಯಲ್ಲಿ ದೋಷವಿರಲಿಲ್ಲ, ತೂಕವನ್ನು ಕ್ರಮದ ಕಾರಣವೆಂದು ಎಣಿಸಿದ್ದರಲ್ಲೇ ದೋಷವಿತ್ತು.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿತ್ತು. ಸೋಡಿಯಂ ನೀರು ಸೋಕಿದೊಡನೆ ಉರಿಯುವಷ್ಟು ಚಟುವಟಿಕೆಯಿಂದ ವರ್ತಿಸುವುದಕ್ಕೂ ಅದಕ್ಕಿಂತ ತುಸುವೇ ಭಾರವಾದ ಮೆಗ್ನೀಸಿಯಂ ತಣ್ಣೀರಿನಲ್ಲಿ ಬಹುಮಟ್ಟಿಗೆ ಸುಮ್ಮನಿರುವುದಕ್ಕೂ ತೂಕದಲ್ಲಿ ಯಾವ ವಿವರಣೆಯೂ ಇರಲಿಲ್ಲ. ಈ ಭೇದದ ಮೂಲವಿರುವುದು ಪರಮಾಣುವಿನ ಅತ್ಯಂತ ಹೊರಗಿನ ಕವಚದಲ್ಲಿದ್ದು ರಾಸಾಯನಿಕ ಬಂಧಗಳಲ್ಲಿ ಪಾಲ್ಗೊಳ್ಳುವ ಎಲೆಕ್ಟ್ರಾನುಗಳಲ್ಲಿ, ಅಂದರೆ ವೇಲೆನ್ಸ್ ಎಲೆಕ್ಟ್ರಾನುಗಳಲ್ಲಿ, ಮತ್ತು ಪರಮಾಣುವಿನ ನಡುವಿನ ಬೀಜ ಅವುಗಳನ್ನು ಎಷ್ಟು ಬಲವಾಗಿ ಹಿಡಿದಿಟ್ಟುಕೊಂಡಿದೆ ಎಂಬುದರಲ್ಲಿ. ಇಂದು ಶಾಲೆಯ ಪಠ್ಯಪುಸ್ತಕಗಳು ಒಂದೇ ಪುಟದಲ್ಲಿ ಹೇಳಿ ಮುಗಿಸುವ ಈ ಮಾತು ರೂಪುಗೊಳ್ಳಲು 1911ರಿಂದ 1930ರವರೆಗೆ ಸುಮಾರು ಎರಡು ದಶಕಗಳು ಹಿಡಿದವು. ಈ ಅವಧಿಯ ಇತಿಹಾಸವನ್ನು ಸಾಮಾನ್ಯವಾಗಿ ಬೀಜದ ಆವೇಶವನ್ನು ಎಣಿಸಿದ ಕಥೆಯಾಗಿ ಹೇಳುವುದುಂಟು, ಆದರೆ ಆ ಎಣಿಕೆಯ ಮೊದಲ ಸೂತ್ರದಲ್ಲೇ ಒಂದು ಕಳೆಯುವ ಚಿಹ್ನೆ ಕುಳಿತಿತ್ತು, ಮತ್ತು ರಸಾಯನಶಾಸ್ತ್ರಕ್ಕೆ ಮುಂದೆ ಹೆಚ್ಚು ಬೇಕಾದದ್ದು ಎಣಿಸಿದ ಸಂಖ್ಯೆಗಿಂತ ಆ ಕಳೆಯುವಿಕೆಯೇ.

ಬೀಜವೆಂಬುದೊಂದು ಇದೆ ಎಂದು ತೋರಿದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಪ್ರಯೋಗಶಾಲೆಯಲ್ಲಿ. ಅರ್ನೆಸ್ಟ್ ರುದರ್ಫರ್ಡ್ ಅವರ ಮಾರ್ಗದರ್ಶನದಲ್ಲಿ ಹಾನ್ಸ್ ಗೈಗರ್ ಮತ್ತು ಅರ್ನೆಸ್ಟ್ ಮಾರ್ಸ್‌ಡೆನ್ 1909ರಲ್ಲಿ ನಡೆಸಿದ ಪ್ರಯೋಗಗಳಲ್ಲಿ, ವಿಕಿರಣಶೀಲ ವಸ್ತುವಿನಿಂದ ಹೊಮ್ಮುವ ಧನಾವೇಶದ ಆಲ್ಫಾ ಕಣಗಳಲ್ಲಿ ಬಹುಪಾಲು ತೆಳುವಾದ ಲೋಹದ ಹಾಳೆಯನ್ನು ನೇರವಾಗಿ ದಾಟಿ ಹೋದರೂ ಬೆರಳೆಣಿಕೆಯಷ್ಟು ಕಣಗಳು ಬಂದ ದಿಕ್ಕಿಗೇ ಮರಳುತ್ತಿದ್ದುದು ಕಂಡಿತು; ಪ್ಲಾಟಿನಂ ಫಲಕದ ವಿಷಯದಲ್ಲಿ ಇದು ಸುಮಾರು 8000ಕ್ಕೆ ಒಂದರಷ್ಟಿತ್ತು. 1911ರಲ್ಲಿ ರುದರ್ಫರ್ಡ್ ಈ ಫಲಿತಾಂಶದಿಂದ ಪರಮಾಣುವಿನ ಆವೇಶವೆಲ್ಲ ಅತಿ ಚಿಕ್ಕ ಕೇಂದ್ರವೊಂದರಲ್ಲಿ ಅಡಕವಾಗಿದೆಯೆಂದು ತೀರ್ಮಾನಿಸಿ, ಚಿನ್ನದ ಬೀಜದಲ್ಲಿ ಎಲೆಕ್ಟ್ರಾನಿನ ಆವೇಶದ ಸುಮಾರು ನೂರು ಪಟ್ಟು ಆವೇಶವಿರಬೇಕೆಂದು ಅಂದಾಜು ಮಾಡಿದರು. ಅದು ಧನವೋ ಋಣವೋ ಎಂಬುದನ್ನು ಆ ಲೇಖನ ಇನ್ನೂ ತೀರ್ಮಾನಿಸಿರಲಿಲ್ಲ. ಚಿನ್ನದ ನಿಜವಾದ ಸಂಖ್ಯೆ 79. ಹೆಚ್ಚಾಗಿ ಬಂದ ಈ ಅಂದಾಜು ಮತ್ತೆ ತೂಕದ ನೆರಳಿಗೂ ಹೊಂದಿಕೊಂಡಿತ್ತು, ಏಕೆಂದರೆ ಹಗುರವಾದ ಧಾತುಗಳಲ್ಲಿ ಎಲೆಕ್ಟ್ರಾನುಗಳ ಸಂಖ್ಯೆ ಪರಮಾಣು ತೂಕದ ಅರ್ಧದಷ್ಟೆಂದು ಚಾರ್ಲ್ಸ್ ಬಾರ್ಕ್ಲಾ ಕ್ಷ-ಕಿರಣಗಳ ಚದುರುವಿಕೆಯಿಂದ ಕಂಡುಕೊಂಡಿದ್ದರು ಮತ್ತು ಆ ಲೆಕ್ಕವನ್ನೇ ಭಾರವಾದ ಧಾತುಗಳಿಗೂ ಎಳೆಯಲಾಗುತ್ತಿತ್ತು.

ಆವೇಶವನ್ನು ತೂಕದಿಂದ ಬಿಡಿಸಿದವರು ವೃತ್ತಿಯಿಂದ ಭೌತವಿಜ್ಞಾನಿಯೇ ಅಲ್ಲ. ಕಾನೂನು ಓದಿದ್ದ ನೆದರ್ಲೆಂಡ್ಸ್‌ನ ಆಂಟೋನಿಯಸ್ ಫಾನ್ ಡೆನ್ ಬ್ರೂಕ್ ಹವ್ಯಾಸವಾಗಿ ಆವರ್ತಕ ಕೋಷ್ಟಕವನ್ನು ಮತ್ತೆ ಮತ್ತೆ ಜೋಡಿಸುತ್ತ, ಕೋಷ್ಟಕದಲ್ಲಿ ಧಾತುವಿನ ಕ್ರಮಸಂಖ್ಯೆ ಎಷ್ಟೋ ಬೀಜದ ಆವೇಶವೂ ಅಷ್ಟೇ ಎಂಬ ಊಹೆಗೆ ಬಂದಿದ್ದರು, ಮತ್ತು 1913ರ ನವೆಂಬರಿನಲ್ಲಿ ನೇಚರ್ ಪತ್ರಿಕೆಗೆ ಬರೆದ ಚಿಕ್ಕ ಪತ್ರದಲ್ಲಿ ಈ ಕ್ರಮಸಂಖ್ಯೆಗೆ ತೂಕದ ಹಂಗಿಲ್ಲವೆಂದು ಸ್ಪಷ್ಟವಾಗಿ ಹೇಳಿದರು. ವೃತ್ತಿನಿರತರಿಗೆ ಹೊಳೆಯದ್ದು ಹೊರಗಿನವರಿಗೆ ಹೊಳೆದದ್ದರಲ್ಲಿ ಆಶ್ಚರ್ಯವೇನಿಲ್ಲ. ಅವರ ಮುಂದಿದ್ದುದು ಕೋಷ್ಟಕ ಮಾತ್ರ, ತಕ್ಕಡಿಯಲ್ಲ.

ಊಹೆಯನ್ನು ಅಳತೆಯಾಗಿ ಮಾರ್ಪಡಿಸಿದವರು ಹೆನ್ರಿ ಮೋಸ್ಲಿ. 1887ರಲ್ಲಿ ವೇಮತ್‌ನಲ್ಲಿ ಹುಟ್ಟಿದ ಇವರ ತಂದೆ ಚಾಲೆಂಜರ್ ಹಡಗಿನ ಸಮುದ್ರ ಸಮೀಕ್ಷೆಯಲ್ಲಿ ಪಾಲ್ಗೊಂಡಿದ್ದ ಪ್ರಾಣಿವಿಜ್ಞಾನಿ. ಮಗ ಆಕ್ಸ್‌ಫರ್ಡಿನಲ್ಲಿ ಓದಿ 1910ರಲ್ಲಿ ರುದರ್ಫರ್ಡ್ ಅವರ ಪ್ರಯೋಗಶಾಲೆಯನ್ನು ಸೇರಿದರು. ಪ್ರತಿಯೊಂದು ಧಾತುವೂ ತೀಕ್ಷ್ಣವಾದ ಕ್ಷ-ಕಿರಣಗಳ ಹೊಡೆತಕ್ಕೆ ಸಿಕ್ಕಾಗ ತನಗೇ ವಿಶಿಷ್ಟವಾದ ಕ್ಷ-ಕಿರಣಗಳನ್ನು ಹೊಮ್ಮಿಸುತ್ತದೆಯೆಂದು ಬಾರ್ಕ್ಲಾ ತೋರಿಸಿ, ಹೆಚ್ಚು ತೀಕ್ಷ್ಣವಾದವಕ್ಕೆ ಕೆ ಎಂದೂ ಮೃದುವಾದವಕ್ಕೆ ಎಲ್ ಎಂದೂ ಹೆಸರಿಟ್ಟಿದ್ದರು. ಸ್ಫಟಿಕದ ಪದರಗಳಿಂದ ಪ್ರತಿಫಲಿಸಿ ಕ್ಷ-ಕಿರಣಗಳ ತರಂಗದೂರವನ್ನು ಅಳೆಯುವ ವಿಧಾನವನ್ನು ಬ್ರ್ಯಾಗ್ ತಂದೆ ಮಕ್ಕಳು ಆಗಷ್ಟೇ ರೂಪಿಸಿದ್ದರು. ಮೋಸ್ಲಿ ಇವೆರಡನ್ನೂ ಕೂಡಿಸಿದರು. ಹಲವು ಧಾತುಗಳ ತುಣುಕುಗಳನ್ನು ಪುಟ್ಟ ಗಾಲಿಬಂಡಿಯೊಂದರ ಮೇಲೆ ಸಾಲಾಗಿ ಕೂರಿಸಿ, ಗಾಳಿ ತೆಗೆದ ಗಾಜಿನ ಕೊಳವೆಯೊಳಗೆ ಹಳಿಯ ಮೇಲಿಟ್ಟು, ಮೀನು ಹಿಡಿಯುವ ರೇಷ್ಮೆ ದಾರದಿಂದ ಆ ಬಂಡಿಯನ್ನು ಹಿಂದೆ ಮುಂದೆ ಎಳೆಯುವ ವ್ಯವಸ್ಥೆ ಮಾಡಿಕೊಂಡದ್ದರಿಂದ, ಕೊಳವೆಯನ್ನು ಪ್ರತಿ ಸಲವೂ ತೆರೆದು ಮುಚ್ಚುವ ಗೋಜಿಲ್ಲದೆ ಒಂದಾದ ಮೇಲೊಂದು ಧಾತುವನ್ನು, ಅದರ ಕ್ಷ-ಕಿರಣಗಳನ್ನು ಹೊಮ್ಮಿಸುವ ವೇಗವಾದ ಎಲೆಕ್ಟ್ರಾನುಗಳ ದಾರಿಗೆ ತರಲು ಸಾಧ್ಯವಾಯಿತು. ಹೊಮ್ಮಿದ ಕಿರಣಗಳು ಪೊಟ್ಯಾಸಿಯಂ ಫೆರೋಸಯನೈಡ್ ಸ್ಫಟಿಕದಿಂದ ಪ್ರತಿಫಲಿಸಿ ಛಾಯಾಫಲಕದ ಮೇಲೆ ಗೆರೆಗಳಾಗಿ ಮೂಡುತ್ತಿದ್ದವು. ಸತುವಿನ ಬದಲು ಹಿತ್ತಾಳೆಯನ್ನೇ ಇಟ್ಟಾಗ ತಾಮ್ರದ ಗೆರೆಗಳೂ ಸತುವಿನ ಗೆರೆಗಳೂ ಒಟ್ಟಿಗೆ ಕಂಡವು. ಕೋಬಾಲ್ಟಿನಲ್ಲಿ ಬೆರೆತಿದ್ದ ನಿಕ್ಕಲ್ ಮತ್ತು ಕಬ್ಬಿಣದ ಅಂಶಗಳು ಕೂಡ ತಮ್ಮ ಗುರುತನ್ನು ಅಡಗಿಸಲಾರದೆ ಹೋದವು. ರಸಾಯನಶಾಸ್ತ್ರಜ್ಞರು ತಿಂಗಳುಗಟ್ಟಲೆ ಕರಗಿಸಿ, ಸೋಸಿ, ತೂಗಿ ಪತ್ತೆ ಮಾಡುತ್ತಿದ್ದ ಕಲಬೆರಕೆಯನ್ನು ಈ ಕೊಳವೆ ಒಂದೇ ಫಲಕದ ಮೇಲೆ ತೋರಿಸುತ್ತಿತ್ತು.

1913ರ ಡಿಸೆಂಬರಿನಲ್ಲಿ ಪ್ರಕಟವಾದ ಮೊದಲ ಲೇಖನದಲ್ಲಿ ಕ್ಯಾಲ್ಸಿಯಂನಿಂದ ಸತುವಿನವರೆಗಿನ ಧಾತುಗಳು, ಸ್ಕ್ಯಾಂಡಿಯಂ ಒಂದನ್ನು ಬಿಟ್ಟು, ಸೇರಿದ್ದವು. ಕೆ ಗೆರೆಯ ಆವೃತ್ತಿಯ ವರ್ಗಮೂಲವನ್ನು, ಅದೇ ವರ್ಷ ನೀಲ್ಸ್ ಬೋರ್ ಹೈಡ್ರೋಜನ್ನಿಗೆ ಕೊಟ್ಟಿದ್ದ ಸಿದ್ಧಾಂತದ ಮಾದರಿಯಲ್ಲಿ ಒಂದು ಸ್ಥಿರಾಂಕದಿಂದ ಭಾಗಿಸಿದಾಗ ಬಂದ ಸಂಖ್ಯೆಗಳು ಕೋಷ್ಟಕದ ಒಂದು ಮನೆಯಿಂದ ಮುಂದಿನ ಮನೆಗೆ ಹೋದಂತೆ ಬಹುಮಟ್ಟಿಗೆ ಒಂದೊಂದೇ ಏರುತ್ತಿದ್ದವು: ಕ್ರೋಮಿಯಂಗೆ 22.98, ಮ್ಯಾಂಗನೀಸ್‌ಗೆ 23.99, ಕಬ್ಬಿಣಕ್ಕೆ 24.99, ಕೋಬಾಲ್ಟ್‌ಗೆ 26.00, ನಿಕ್ಕಲ್‌ಗೆ 27.04. ತೂಕದಲ್ಲಿ ಹಿಂದುಮುಂದಾಗಿದ್ದ ಕೋಬಾಲ್ಟ್ ಮತ್ತು ನಿಕ್ಕಲ್‌ಗಳು ಇಲ್ಲಿ ತಮ್ಮ ಗುಣಗಳಿಗೆ ತಕ್ಕ ಕ್ರಮದಲ್ಲೇ ನಿಂತಿದ್ದವು. ಒಂದು ಧಾತುವಿನಿಂದ ಮುಂದಿನ ಧಾತುವಿಗೆ ಹೀಗೆ ಏರುವ ಮೂಲ ಪರಿಮಾಣ ಬೀಜದ ಆವೇಶವಲ್ಲದೆ ಬೇರೆಯಲ್ಲವೆಂದು ಮೋಸ್ಲಿ ತೀರ್ಮಾನಿಸಿದರು, ಮತ್ತು ಮುಂದೆ ಪರಮಾಣು ಸಂಖ್ಯೆ ಎಂಬ ಹೆಸರಿನಿಂದ ನೆಲೆಯೂರಿದ್ದು ಇದೇ ಪರಿಮಾಣ.

ಆದರೆ ಈ ಕೋಷ್ಟಕವನ್ನು ಗಮನವಿಟ್ಟು ನೋಡಿದರೆ ಕ್ಯಾಲ್ಸಿಯಂಗೆ ಸಿಕ್ಕ ಸಂಖ್ಯೆ 20 ಅಲ್ಲ, 19.00, ಸತುವಿಗೆ ಸಿಕ್ಕದ್ದು 30 ಅಲ್ಲ, 29.01. ಅಂದರೆ ಕೆ ಗೆರೆ ಹೇಳುತ್ತಿದ್ದುದು ಬೀಜದ ಆವೇಶವನ್ನಲ್ಲ, ಅದರಲ್ಲಿ ಒಂದನ್ನು ಕಳೆದು ಉಳಿದದ್ದನ್ನು. 1914ರ ಏಪ್ರಿಲಿನಲ್ಲಿ, ಆಕ್ಸ್‌ಫರ್ಡಿಗೆ ಮರಳಿದ ಮೇಲೆ ಪ್ರಕಟಿಸಿದ ಎರಡನೆಯ ಲೇಖನದಲ್ಲಿ ಮೋಸ್ಲಿ ಅಲ್ಯೂಮಿನಿಯಂನಿಂದ ಚಿನ್ನದವರೆಗೆ ಸಾಗಿದಾಗ, ಭಾರವಾದ ಧಾತುಗಳ ಎಲ್ ಗೆರೆಗಳಿಗೆ ಕಳೆಯಬೇಕಾದ ಸಂಖ್ಯೆ ಒಂದಲ್ಲ, 7.4 ಎಂದಾಯಿತು. ಈ ಸಂಖ್ಯೆಗಳ ಅರ್ಥದ ಬಗ್ಗೆ ಆಗ ಒಮ್ಮತವಿರಲಿಲ್ಲ. ಜರ್ಮನಿಯ ವಾಲ್ಟರ್ ಕೊಸೆಲ್ 1914ರಿಂದ ಮುಂದೆ ಬೆಳೆಸಿದ ವಿವರಣೆಯಂತೆ, ಅತ್ಯಂತ ಒಳಗಿನ ಕವಚದಿಂದ ಎಲೆಕ್ಟ್ರಾನೊಂದು ಕಿತ್ತುಹೋದಾಗ ಮುಂದಿನ ಕವಚದ ಎಲೆಕ್ಟ್ರಾನು ಆ ತೆರವಿಗೆ ಇಳಿಯುತ್ತದೆ, ಕೆ ಗೆರೆ ಹುಟ್ಟುವುದು ಆ ಇಳಿತದಲ್ಲಿ. ಒಳಕವಚದಲ್ಲಿ ಉಳಿದಿರುವ ಇನ್ನೊಂದು ಎಲೆಕ್ಟ್ರಾನು ತನ್ನ ಋಣಾವೇಶದಿಂದ ಬೀಜದ ಒಂದು ಘಟಕದಷ್ಟು ಆವೇಶಕ್ಕೆ ಮರೆಯಾಗುವುದರಿಂದ ಇಳಿಯುವ ಎಲೆಕ್ಟ್ರಾನಿಗೆ ತಾಗುವುದು ಸ್ಥೂಲವಾಗಿ ಒಂದು ಕಡಿಮೆಯಾದ ಸೆಳೆತ. ಎಲ್ ಗೆರೆಗೆ ಕಾರಣವಾಗುವ ಎಲೆಕ್ಟ್ರಾನು ಇನ್ನೂ ಹೊರಗಿರುವುದರಿಂದ ಅದರ ಮತ್ತು ಬೀಜದ ನಡುವಿನ ಮರೆ ಹೆಚ್ಚು ದಟ್ಟವಾಗಿ, ಕಳೆಯಬೇಕಾದ ಮೊತ್ತವೂ ಹೆಚ್ಚುತ್ತದೆ. ಹೀಗೆ ಬೀಜದ ಪೂರ್ಣ ಆವೇಶವನ್ನು ಕಂಡುಹಿಡಿದ ಪ್ರಯೋಗವೇ ಆ ಪೂರ್ಣ ಆವೇಶ ಎಲೆಕ್ಟ್ರಾನುಗಳಿಗೆ ತಲುಪುವುದಿಲ್ಲವೆಂಬುದನ್ನೂ ದಾಖಲಿಸಿತ್ತು.

ಮರೆಯ ಪ್ರಭಾವವನ್ನು ಅರಿಯಲು ಹೀಲಿಯಂಗಿಂತ ಸರಳವಾದ ಉದಾಹರಣೆಯಿಲ್ಲ. ಎಲೆಕ್ಟ್ರಾನನ್ನು ಪರಮಾಣುವಿನಿಂದ ಪೂರ್ತಿಯಾಗಿ ಬಿಡಿಸಲು ಬೇಕಾಗುವ ಶಕ್ತಿಗೆ ಅಯಾನೀಕರಣ ಶಕ್ತಿಯೆಂದು ಹೆಸರು, ಮತ್ತು ಅದನ್ನು ಅಳೆಯುವ ಮಾನ ಎಲೆಕ್ಟ್ರಾನ್‌ವೋಲ್ಟ್, ಅಂದರೆ ಒಂದು ಎಲೆಕ್ಟ್ರಾನು ಒಂದು ವೋಲ್ಟ್‌ನಷ್ಟು ವಿಭವಾಂತರವನ್ನು ದಾಟಿದಾಗ ಪಡೆಯುವ ಶಕ್ತಿ. ಹೈಡ್ರೋಜನ್ನಿಗೆ ಇದು 13.6. ಹೀಲಿಯಂನ ಬೀಜದ ಆವೇಶ ಎರಡಾದ್ದರಿಂದ, ಒಂದೇ ಎಲೆಕ್ಟ್ರಾನು ಉಳಿದಿರುವ ಹೀಲಿಯಂ ಅಯಾನಿನಿಂದ ಅದನ್ನು ಕೀಳಲು ಹೈಡ್ರೋಜನ್ನಿನ ನಾಲ್ಕು ಪಟ್ಟು, ಅಂದರೆ 54.4 ಎಲೆಕ್ಟ್ರಾನ್‌ವೋಲ್ಟ್ ಬೇಕು. ಆದರೆ ಎರಡೂ ಎಲೆಕ್ಟ್ರಾನುಗಳಿರುವ ಹೀಲಿಯಂ ಪರಮಾಣುವಿನಿಂದ ಮೊದಲನೆಯದನ್ನು ಬಿಡಿಸಲು 24.6 ಸಾಕು. ಬೀಜ ಅದೇ, ಕವಚ ಅದೇ. ಜೊತೆಗಾರ ಎಲೆಕ್ಟ್ರಾನಿನ ವಿಕರ್ಷಣೆಯಿಂದಲೇ ಹಿಡಿತ ಅರ್ಧಕ್ಕಿಂತ ಕೆಳಗಿಳಿದಿದೆ.

ಆವರ್ತಕ ಕೋಷ್ಟಕದ ಒಂದು ಅಡ್ಡಸಾಲಿನಲ್ಲಿ ಎಡದಿಂದ ಬಲಕ್ಕೆ ಸಾಗಿದಾಗ ಆಗುವುದು ಇದರ ವಿಸ್ತರಣೆ. ಸೋಡಿಯಂನಿಂದ ಕ್ಲೋರಿನ್‌ವರೆಗೆ ಬೀಜದ ಆವೇಶ 11ರಿಂದ 17ಕ್ಕೆ ಏರುತ್ತದೆ; ಆದರೆ ಒಳಗಿನ ಹತ್ತು ಎಲೆಕ್ಟ್ರಾನುಗಳ ಮರೆ ಬದಲಾಗುವುದಿಲ್ಲ, ಮತ್ತು ಹೊಸದಾಗಿ ಸೇರುವ ಎಲೆಕ್ಟ್ರಾನುಗಳು ಒಂದೇ ಕವಚದಲ್ಲಿ ನೆಲೆಸುವುದರಿಂದ ಒಂದಕ್ಕೊಂದು ಅಡ್ಡವಾಗುವುದು ಅರೆಬರೆಯಾಗಿ ಮಾತ್ರ. ಹೀಗಾಗಿ ಪ್ರತಿ ಹೆಜ್ಜೆಯಲ್ಲೂ ಸೇರಿದ ಧನಾವೇಶದ ಹೆಚ್ಚಿನ ಪಾಲು ಮರೆಯನ್ನು ದಾಟಿ ಹೊರಗಿನ ಎಲೆಕ್ಟ್ರಾನುಗಳನ್ನು ತಲುಪುತ್ತದೆ, ಪರಮಾಣು ಕುಗ್ಗುತ್ತದೆ, ಅಯಾನೀಕರಣ ಶಕ್ತಿ ಸೋಡಿಯಂನ 5.14ರಿಂದ ಕ್ಲೋರಿನ್‌ನ 12.97 ಎಲೆಕ್ಟ್ರಾನ್‌ವೋಲ್ಟ್‌ಗೆ ಏರುತ್ತದೆ. ಈ ಏರಿಕೆ ಎಲ್ಲೂ ತಗ್ಗದ ಏರಿಕೆಯಲ್ಲ. ಮೆಗ್ನೀಸಿಯಂಗೆ 7.65 ಇದ್ದದ್ದು ಬೀಜದ ಆವೇಶ ಒಂದು ಹೆಚ್ಚಿರುವ ಅಲ್ಯೂಮಿನಿಯಂಗೆ 5.99ಕ್ಕೆ ಇಳಿಯುತ್ತದೆ, ಏಕೆಂದರೆ ಕವಚದೊಳಗೆ ಎಲೆಕ್ಟ್ರಾನುಗಳು ನೆಲೆಸುವ ಕಕ್ಷಕಗಳಲ್ಲಿ ಎಸ್, ಪಿ ಮುಂತಾದ ಬಗೆಗಳಿದ್ದು, ಅಲ್ಯೂಮಿನಿಯಂನ ಕೊನೆಯ ಎಲೆಕ್ಟ್ರಾನಿರುವ ಪಿ ಕಕ್ಷಕ ಅದೇ ಕವಚದ ಎಸ್ ಕಕ್ಷಕದಷ್ಟು ಆಳವಾಗಿ ಒಳಕವಚಗಳ ಮರೆಯನ್ನು ಭೇದಿಸಿ ಬೀಜದ ಹತ್ತಿರ ಸುಳಿಯುವುದಿಲ್ಲ.

ಮರಳಿ ಇತಿಹಾಸಕ್ಕೆ ಬಂದರೆ, ಮೋಸ್ಲಿಯವರ ಕೊಳವೆಯನ್ನು ಅರಸಿಕೊಂಡು 1914ರಲ್ಲಿ ಆಕ್ಸ್‌ಫರ್ಡಿಗೆ ಬಂದವರು ಪ್ಯಾರಿಸ್ಸಿನ ಜಾರ್ಜ್ ಯುರ್ಬೇನ್. ರೇರ್ ಅರ್ಥ್ ಎಂದು ಕರೆಯುವ ವಿರಳ ಭೂಧಾತುಗಳು ರಾಸಾಯನಿಕವಾಗಿ ಒಂದನ್ನೊಂದು ಎಷ್ಟು ಹೋಲುತ್ತವೆಯೆಂದರೆ, ಅವುಗಳ ಲವಣಗಳನ್ನು ನೂರಾರು, ಕೆಲವೊಮ್ಮೆ ಸಾವಿರಾರು ಸಲ ಕರಗಿಸಿ ಮತ್ತೆ ಹರಳುಗಟ್ಟಿಸುತ್ತ ಪ್ರತಿ ಸಲವೂ ಒಂದಿಷ್ಟು ಬೇರ್ಪಡಿಸುವುದೇ ಅಂದಿನ ವಿಧಾನ. ಯುರ್ಬೇನ್ ಈ ಕಸುಬಿನಲ್ಲಿ ನುರಿತವರಾಗಿ 1907ರಲ್ಲಿ ಇಟರ್ಬಿಯಂನಿಂದ ಲುಟೀಷಿಯಂ ಅನ್ನು ಬೇರ್ಪಡಿಸಿದ್ದರು, ಮತ್ತು 1911ರಲ್ಲಿ ಸೆಲ್ಟಿಯಂ ಎಂಬ ಮತ್ತೊಂದು ಧಾತುವನ್ನು ಕಂಡಿರುವುದಾಗಿ ಸಾರಿದ್ದರು. ಸೆಲ್ಟಿಯಂನ ಮಾದರಿಯಲ್ಲಿ ಮೋಸ್ಲಿಯವರ ಕೊಳವೆ ಈಗಾಗಲೇ ಗೊತ್ತಿದ್ದ ಧಾತುಗಳ ಗೆರೆಗಳನ್ನಷ್ಟೇ ತೋರಿತು. ವರ್ಷಗಳ ಬೆವರಿನ ಫಲವನ್ನು ಕೆಲವೇ ದಿನಗಳಲ್ಲಿ ತೀರ್ಮಾನಿಸುವ ಈ ಶಕ್ತಿಯನ್ನು ಯುರ್ಬೇನ್ ಮೆಚ್ಚಿಕೊಂಡೇ ಹಿಂದಿರುಗಿದರು, ಆದರೆ ಸೆಲ್ಟಿಯಂ ಬಗೆಗಿನ ತಮ್ಮ ನಂಬಿಕೆಯನ್ನು ಬಿಡಲಿಲ್ಲ. ಅದೇ ವರ್ಷ ಮೊದಲ ಮಹಾಯುದ್ಧ ಆರಂಭವಾದಾಗ ಮೋಸ್ಲಿ ಸೈನ್ಯದ ಎಂಜಿನಿಯರ್ ದಳವನ್ನು ಸೇರಿದರು. 1915ರ ಆಗಸ್ಟ್ 10ರಂದು ಗಲಿಪೊಲಿಯ ರಣರಂಗದಲ್ಲಿ ಹತರಾದಾಗ ಅವರ ವಯಸ್ಸು 27.

ಯುದ್ಧದ ನಂತರ ಪ್ರಶ್ನೆಯ ದಿಕ್ಕು ಬದಲಾಯಿತು. ಹೊರ ಎಲೆಕ್ಟ್ರಾನಿನ ಮೇಲಿನ ಹಿಡಿತವನ್ನು ತಾರೆಗಳಲ್ಲಿ ಓದಬಹುದೆಂದು ತೋರಿಸಿದವರು ಕಲ್ಕತ್ತೆಯ ಮೇಘನಾದ ಸಹಾ. ಅನಿಲವೊಂದರಲ್ಲಿ ಎಷ್ಟು ಪಾಲು ಪರಮಾಣುಗಳು ತಮ್ಮ ಎಲೆಕ್ಟ್ರಾನನ್ನು ಕಳೆದುಕೊಂಡಿರುತ್ತವೆ ಎಂಬುದನ್ನು ಅದರ ಉಷ್ಣತೆ, ಒತ್ತಡ ಮತ್ತು ಅಯಾನೀಕರಣ ಶಕ್ತಿಗಳಿಗೆ ಜೋಡಿಸುವ ಸಮೀಕರಣವನ್ನು ಅವರು 1920ರಲ್ಲಿ ಪ್ರಕಟಿಸಿದರು. ಕ್ಯಾಲ್ಸಿಯಂನ ಮೊದಲ ಎಲೆಕ್ಟ್ರಾನನ್ನು ಬಿಡಿಸಲು 6.11 ಎಲೆಕ್ಟ್ರಾನ್‌ವೋಲ್ಟ್ ಸಾಕಾದರೆ ಎರಡನೆಯದಕ್ಕೆ 11.87 ಬೇಕಾಗುವುದರಿಂದ, ಸೂರ್ಯನ ವರ್ಣಗೋಲದಲ್ಲಿ ಒಂದೇ ಎಲೆಕ್ಟ್ರಾನನ್ನು ಕಳೆದುಕೊಂಡ ಕ್ಯಾಲ್ಸಿಯಂ ಹೇರಳವಾಗಿ ಉಳಿಯುತ್ತದೆ. ಅದರ ಕೆ ಎಂಬ ಗೆರೆಯ ಬೆಳಕಿನಲ್ಲಿ ಸೂರ್ಯನನ್ನು ಚಿತ್ರಿಸುವ ಕೆಲಸ, ಇಂದು ಬೆಂಗಳೂರಿನ ಭಾರತೀಯ ತಾರಾಭೌತ ಸಂಸ್ಥೆಗೆ ಸೇರಿರುವ ಕೊಡೈಕೆನಾಲ್ ವೀಕ್ಷಣಾಲಯದಲ್ಲಿ, ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲೇ ಆರಂಭವಾಗಿತ್ತು. ಈ ಕೆ ಗೆರೆಗೂ ಬಾರ್ಕ್ಲಾ ಅವರ ಕೆ ಕಿರಣಕ್ಕೂ ಅಕ್ಷರವನ್ನು ಬಿಟ್ಟರೆ ನಂಟಿಲ್ಲ. ಒಂದು ಪರಮಾಣುವಿನ ಹೊರ ಎಲೆಕ್ಟ್ರಾನಿನದು, ಇನ್ನೊಂದು ಅತ್ಯಂತ ಒಳಗಿನದು. 4.18 ಎಲೆಕ್ಟ್ರಾನ್‌ವೋಲ್ಟ್‌ಗೇ ಎಲೆಕ್ಟ್ರಾನನ್ನು ಬಿಟ್ಟುಕೊಡುವ ರುಬಿಡಿಯಂ ಸೂರ್ಯನ ಸಾಮಾನ್ಯ ಮೈಯಲ್ಲಿ ಗೋಚರಿಸದಿದ್ದರೂ ತಂಪಾದ ಸೂರ್ಯಕಲೆಗಳಲ್ಲಿ ಗೋಚರಿಸಬೇಕೆಂದು ಸಹಾ ಹೇಳಿದ್ದನ್ನು ಅಮೆರಿಕದ ಹೆನ್ರಿ ನಾರಿಸ್ ರಸೆಲ್ ಕೆಲವೇ ಕಾಲದಲ್ಲಿ ದೃಢಪಡಿಸಿದರು.

ಮೋಸ್ಲಿಯವರ ನಂತರ ಬಗೆಹರಿಯದೆ ಉಳಿದಿದ್ದ ಮನೆಗಳಲ್ಲಿ 72ನೆಯದರ ವಿವಾದ ಎಲ್ಲಕ್ಕಿಂತ ಬಿಸಿಯೇರಿತು. 1922ರಲ್ಲಿ ಯುರ್ಬೇನ್ ಅವರ ಹಳೆಯ ಮಾದರಿಯಲ್ಲಿ ಸೆಲ್ಟಿಯಂನ ಮಸುಕಾದ ಗೆರೆಗಳು ಕಂಡವೆಂದು ಪ್ಯಾರಿಸ್ಸಿನ ಅಲೆಕ್ಸಾಂಡರ್ ದೊವಿಲಿಯೆ ಹೇಳಿದರು. ಆದರೆ ಎಲೆಕ್ಟ್ರಾನುಗಳು ಒಂದೊಂದಾಗಿ ಕವಚಗಳನ್ನು ತುಂಬುವ ಕ್ರಮವನ್ನು ಕೋಪನ್‌ಹೇಗನ್ನಿನಲ್ಲಿ ಲೆಕ್ಕ ಹಾಕುತ್ತಿದ್ದ ಬೋರ್, ಒಳಗಿನ ನಾಲ್ಕನೆಯ ಕವಚ 71ರಲ್ಲಿ ತುಂಬಿ ಮುಗಿಯುವುದರಿಂದ 72ನೆಯ ಧಾತು ವಿರಳ ಭೂಧಾತುವಾಗಿರದೆ ಜಿರ್ಕೋನಿಯಂನ ಸಂಬಂಧಿಯಾಗಿರಬೇಕೆಂದು ವಾದಿಸಿದರು. ಅವರ ಸಂಸ್ಥೆಯಲ್ಲೇ ಇದ್ದ ಡಿರ್ಕ್ ಕೋಸ್ಟರ್ ಮತ್ತು ಜಾರ್ಜ್ ಹೆವೆಶಿ ಜಿರ್ಕೋನಿಯಂನ ಅದಿರುಗಳನ್ನು ಕ್ಷ-ಕಿರಣಗಳಿಂದ ಪರೀಕ್ಷಿಸಿದಾಗ ಹೊಸ ಧಾತುವಿನ ಗೆರೆಗಳು ಸ್ಪಷ್ಟವಾಗಿ ಕಂಡವು. 1922ರ ಡಿಸೆಂಬರಿನಲ್ಲಿ ಬೋರ್ ಸ್ಟಾಕ್‌ಹೋಮಿನ ತಮ್ಮ ನೊಬೆಲ್ ಉಪನ್ಯಾಸದಲ್ಲಿ ಇದನ್ನು ಪ್ರಸ್ತಾಪಿಸಿದರು, ಮರುತಿಂಗಳು ಪ್ರಕಟವಾದ ಪತ್ರದಲ್ಲಿ ಕೋಪನ್‌ಹೇಗನ್ನಿನ ಲ್ಯಾಟಿನ್ ಹೆಸರನ್ನು ಅನುಸರಿಸಿ ಅದಕ್ಕೆ ಹ್ಯಾಫ್ನಿಯಂ ಎಂದು ನಾಮಕರಣವಾಯಿತು. ಜಿರ್ಕೋನಿಯಂ ಪತ್ತೆಯಾದದ್ದು 1789ರಲ್ಲಿ. ಅಂದರೆ ನೂರ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ರಸಾಯನಶಾಸ್ತ್ರಜ್ಞರು ಜಿರ್ಕೋನಿಯಂ ಎಂದು ತೂಗಿದ್ದರಲ್ಲೆಲ್ಲ ನೂರಕ್ಕೆ ಒಂದೆರಡು ಪಾಲಾದರೂ ಹ್ಯಾಫ್ನಿಯಂ ಬೆರೆತಿತ್ತು, ಮತ್ತು ಒಬ್ಬರಿಗೂ ಅದರ ಸುಳಿವು ಸಿಕ್ಕಿರಲಿಲ್ಲ.

ಬೀಜದ ಆವೇಶ 40 ಇರುವ ಧಾತುವನ್ನು 72 ಇರುವ ಧಾತು ಇಷ್ಟೊಂದು ಹೋಲಲು ಕಾರಣವೇನೆಂಬುದಕ್ಕೆ ಉತ್ತರ ದೊರೆತದ್ದು ನಾರ್ವೆಯ ಭೂರಸಾಯನಶಾಸ್ತ್ರಜ್ಞ ವಿಕ್ಟರ್ ಗೋಲ್ಡ್‌ಸ್ಮಿಟ್ ಅವರಿಂದ. ಖನಿಜಗಳ ಹರಳುಗಳಲ್ಲಿ ಯಾವ ಅಯಾನು ಯಾವುದರ ಜಾಗದಲ್ಲಿ ಕೂರಬಲ್ಲದು ಎಂಬುದನ್ನು ನಿರ್ಧರಿಸುವುದು ಬಹುಮಟ್ಟಿಗೆ ಅದರ ಗಾತ್ರ ಮತ್ತು ಆವೇಶಗಳೆಂದು ಕಂಡುಕೊಂಡ ಅವರು, ಲ್ಯಾಂಥನಂನಿಂದ ಲುಟೀಷಿಯಂವರೆಗೆ ಅಯಾನುಗಳು ಹೆಜ್ಜೆ ಹೆಜ್ಜೆಗೂ ಕುಗ್ಗುತ್ತ ಹೋಗುವುದನ್ನು ಅಳೆದು 1925ರಲ್ಲಿ ಅದನ್ನು ಲ್ಯಾಂಥನೈಡ್ ಸಂಕೋಚನವೆಂದು ಕರೆದರು. ಇಂದಿನ ಅಳತೆಯಲ್ಲಿ ಮೂರು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಲ್ಯಾಂಥನಂನ ತ್ರಿಜ್ಯ ಸುಮಾರು 103 ಪಿಕೋಮೀಟರ್, ಲುಟೀಷಿಯಂನದು ಸುಮಾರು 86. ಪಿಕೋಮೀಟರ್ ಎಂದರೆ ಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಭಾಗ. ಈ ಹದಿನಾಲ್ಕು ಹೆಜ್ಜೆಗಳಲ್ಲಿ ಬೀಜಕ್ಕೆ ಹದಿನಾಲ್ಕು ಧನಾವೇಶಗಳು ಸೇರುತ್ತವೆ, ಜೊತೆಗೆ ಸೇರುವ ಹದಿನಾಲ್ಕು ಎಲೆಕ್ಟ್ರಾನುಗಳು ಎಫ್ ಎಂಬ ಒಳಕಕ್ಷಕಗಳಿಗೆ ಹೋಗುತ್ತವೆ, ಮತ್ತು ಆ ಕಕ್ಷಕಗಳ ಹರವಿಕೆ ಬೀಜವನ್ನು ಸರಿಯಾಗಿ ಮುಚ್ಚುವಂಥದ್ದಲ್ಲ. ಪ್ರತಿ ಹೆಜ್ಜೆಯಲ್ಲೂ ಮರೆಯಿಂದ ನುಸುಳಿ ಹೊರಬರುವ ಸೆಳೆತ ಒಂದಿಷ್ಟೇ ಆದರೂ ಹದಿನಾಲ್ಕು ಹೆಜ್ಜೆಗಳ ಕೊನೆಗೆ ಅದರ ಮೊತ್ತ, ಒಂದು ಕವಚ ಹೆಚ್ಚಿದ್ದರಿಂದ ಹ್ಯಾಫ್ನಿಯಂ ಹಿಗ್ಗಬೇಕಾಗಿದ್ದುದನ್ನು ಪೂರ್ತಿಯಾಗಿ ನುಂಗಿಹಾಕುತ್ತದೆ: ನಾಲ್ಕು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಜಿರ್ಕೋನಿಯಂನ ತ್ರಿಜ್ಯ 72 ಪಿಕೋಮೀಟರ್, ಹ್ಯಾಫ್ನಿಯಂನದು 71.

ಇಷ್ಟರಲ್ಲಿ ಕ್ವಾಂಟಂ ಯಂತ್ರಶಾಸ್ತ್ರ ಬಂದು, ಎಲೆಕ್ಟ್ರಾನುಗಳು ಬೀಜದ ಸುತ್ತ ನಿಶ್ಚಿತ ದಾರಿಗಳಲ್ಲಿ ತಿರುಗುತ್ತವೆಂಬ ಬೋರ್ ಅವರ ಚಿತ್ರದ ಜಾಗದಲ್ಲಿ, ಅವು ಎಲ್ಲೆಲ್ಲಿ ಎಷ್ಟೆಷ್ಟು ಸಂಭಾವ್ಯತೆಯಿಂದ ಇರುತ್ತವೆಂದು ಹೇಳುವ ಗಣಿತ ನೆಲೆಗೊಂಡಿತ್ತು. ಪ್ರತಿ ಎಲೆಕ್ಟ್ರಾನೂ ಉಳಿದೆಲ್ಲ ಎಲೆಕ್ಟ್ರಾನುಗಳ ಸರಾಸರಿ ಮರೆಯಲ್ಲಿ ಚಲಿಸುತ್ತದೆಯೆಂದು ಇಟ್ಟುಕೊಂಡು, ಒಂದರ ಉತ್ತರವನ್ನು ಇನ್ನೊಂದಕ್ಕೆ ಉಣಿಸುತ್ತ ಉತ್ತರಗಳು ಸ್ಥಿರವಾಗುವವರೆಗೆ ಲೆಕ್ಕವನ್ನು ಮರುಕಳಿಸುವ ವಿಧಾನವನ್ನು 1928ರಲ್ಲಿ ಕೇಂಬ್ರಿಜ್‌ನ ಡಗ್ಲಸ್ ಹಾರ್ಟ್ರಿ ರೂಪಿಸಿದರು. ವಿಧಾನ ಸರಿಯಿದ್ದರೂ ಅದರ ಗಣಿತದ ಹೊರೆ ದೊಡ್ಡದು. ಮುಂದೆ ಮ್ಯಾಂಚೆಸ್ಟರಿಗೆ ಬಂದ ಹಾರ್ಟ್ರಿ 1934ರಲ್ಲಿ ಆರ್ಥರ್ ಪೋರ್ಟರ್ ಅವರೊಡನೆ ಮೆಕ್ಯಾನೊ ಎಂಬ ಮಕ್ಕಳ ಆಟಿಕೆಯ ತುಂಡುಗಳಿಂದಲೇ ಗಣನಯಂತ್ರವೊಂದನ್ನು ಜೋಡಿಸಿ ಇಂಥ ಲೆಕ್ಕಗಳಿಗೆ ಬಳಸಿದ್ದುಂಟು.

ಸಾಮಾನ್ಯ ರಸಾಯನಶಾಸ್ತ್ರಜ್ಞರ ಕೈಗೆಟಕುವ ಲೆಕ್ಕವನ್ನು ಕೊಟ್ಟವರು ಅಮೆರಿಕದ ಜಾನ್ ಸ್ಲೇಟರ್. 1930ರಲ್ಲಿ ಪ್ರಕಟಿಸಿದ ಅವರ ನಿಯಮಗಳ ಪ್ರಕಾರ, ಹೊರಗಿನ ಎಸ್ ಅಥವಾ ಪಿ ಎಲೆಕ್ಟ್ರಾನಿಗೆ ಅದೇ ಕವಚದ ಪ್ರತಿಯೊಂದು ಜೊತೆಗಾರ ಎಲೆಕ್ಟ್ರಾನು 0.35ರಷ್ಟು, ಅದರ ಒಳಗಿನ ಕವಚದ್ದು 0.85ರಷ್ಟು, ಅದಕ್ಕೂ ಒಳಗಿನವು ಪೂರ್ತಿ 1ರಷ್ಟು ಮರೆಯಾಗುತ್ತವೆ. ಇವುಗಳ ಮೊತ್ತವನ್ನು ಬೀಜದ ಆವೇಶದಿಂದ ಕಳೆದಾಗ ಉಳಿಯುವುದೇ ಪರಿಣಾಮಕಾರಿ ಬೀಜಾವೇಶ, ಅಂದರೆ ಆ ಎಲೆಕ್ಟ್ರಾನಿಗೆ ನಿಜವಾಗಿ ತಾಗುವ ಆವೇಶ. ಸೋಡಿಯಂನ 11ರಲ್ಲಿ ಹೊರ ಎಲೆಕ್ಟ್ರಾನಿಗೆ ತಲುಪುವುದು 2.2 ಮಾತ್ರ, ಕ್ಲೋರಿನ್‌ನ 17ರಲ್ಲಿ 6.1. ಪೊಟ್ಯಾಸಿಯಂಗೂ ಲೆಕ್ಕ 2.2 ಎಂದೇ ಬರುತ್ತದೆ, ಆದರೂ ಅದರ ಅಯಾನೀಕರಣ ಶಕ್ತಿ 4.34ಕ್ಕೆ ಇಳಿದಿರುತ್ತದೆ, ಏಕೆಂದರೆ ಸೆಳೆತ ಆವೇಶವೊಂದನ್ನೇ ಅವಲಂಬಿಸದೆ ದೂರವನ್ನೂ ಅವಲಂಬಿಸುತ್ತದೆ, ಮತ್ತು ಪೊಟ್ಯಾಸಿಯಂನ ಹೊರ ಎಲೆಕ್ಟ್ರಾನು ಒಂದು ಕವಚ ಆಚೆಗಿದೆ. ಲಿಥಿಯಂನಲ್ಲಿ ತಲುಪುವ ಆವೇಶ 1.3 ಮಾತ್ರವಾದರೂ ಎಲೆಕ್ಟ್ರಾನು ಬೀಜಕ್ಕೆ ಹತ್ತಿರವಿರುವುದರಿಂದ ಅದನ್ನು ಬಿಡಿಸಲು ಸೋಡಿಯಂಗಿಂತ ಹೆಚ್ಚು, 5.39 ಎಲೆಕ್ಟ್ರಾನ್‌ವೋಲ್ಟ್ ಬೇಕು. ಗುಂಪಿನಲ್ಲಿ ಕೆಳಗಿಳಿದಂತೆ ಪರಿಣಾಮಕಾರಿ ಆವೇಶ ಕಡಿಮೆಯಾಗುತ್ತದೆ, ಆದ್ದರಿಂದಲೇ ಹಿಡಿತ ಸಡಿಲವಾಗುತ್ತದೆ ಎಂದು ಕೆಲವೆಡೆ ಕಾಣುವ ವಿವರಣೆ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಸ್ಲೇಟರ್ ನಿಯಮಗಳಿಗೆ ಪಠ್ಯಪುಸ್ತಕಗಳಲ್ಲಿ ಸಿಕ್ಕಿರುವ ಗೌರವ ಅವುಗಳ ನಿಖರತೆಗಿಂತ ಅನುಕೂಲಕ್ಕೆ ಸಂದದ್ದು. ಎಸ್ ಮತ್ತು ಪಿ ಎಲೆಕ್ಟ್ರಾನುಗಳನ್ನು ಒಂದೇ ಗುಂಪಾಗಿ ಎಣಿಸುವುದರಿಂದ ಮೆಗ್ನೀಸಿಯಂನಿಂದ ಅಲ್ಯೂಮಿನಿಯಂಗೆ ಹಿಡಿತ ಇಳಿಯುವುದು ಈ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಲ್ಯಾಂಥನೈಡ್‌ಗಳಲ್ಲಂತೂ ಸೋಲು ಎದ್ದು ಕಾಣುತ್ತದೆ: ಎಫ್ ಎಲೆಕ್ಟ್ರಾನುಗಳನ್ನು ಆರನೆಯ ಕವಚದ ಎಲೆಕ್ಟ್ರಾನಿಗೆ ಪೂರ್ಣ ಮರೆಯೆಂದು ಎಣಿಸುವುದರಿಂದ ಬೇರಿಯಂಗೂ (56) ಇಟರ್ಬಿಯಂಗೂ (70) ಒಂದೇ ಉತ್ತರ, 2.85, ಬರುತ್ತದೆ, ಆದರೆ ಅಳತೆ ಮಾಡಿದ ಅಯಾನೀಕರಣ ಶಕ್ತಿ 5.21ರಿಂದ 6.25ಕ್ಕೆ ಏರಿರುತ್ತದೆ. ಗೋಲ್ಡ್‌ಸ್ಮಿಟ್ ಐದು ವರ್ಷ ಮೊದಲೇ ಹರಳುಗಳಲ್ಲಿ ಅಳೆದಿದ್ದ ಸಂಗತಿ ಈ ಸರಳ ನಿಯಮದ ಬಲೆಗೆ ಬೀಳಲಿಲ್ಲ. 1963ರಲ್ಲಿ ಎನ್ರಿಕೊ ಕ್ಲೆಮೆಂಟಿ ಮತ್ತು ರೈಮಂಡಿ ಕಂಪ್ಯೂಟರಿನ ನೆರವಿನಿಂದ ಮರೆಯ ಸಂಖ್ಯೆಗಳನ್ನು ಹೊಸದಾಗಿ ಲೆಕ್ಕ ಹಾಕಿದಾಗ ಸೋಡಿಯಂನ ಹೊರ ಎಲೆಕ್ಟ್ರಾನಿಗೆ 2.51 ಬಂದಿತು, ಕ್ಲೋರಿನ್‌ಗೆ 6.12, ಅಂದರೆ ಸ್ಲೇಟರ್ ಹೇಳಿದ್ದರ ತೀರ ಹತ್ತಿರ.

ಹ್ಯಾಫ್ನಿಯಂ ಮತ್ತು ಜಿರ್ಕೋನಿಯಂಗಳ ಹೋಲಿಕೆ ಪ್ರಯೋಗಶಾಲೆಯ ಕುತೂಹಲವಾಗಿಯೇ ಉಳಿಯದಿದ್ದುದು ಪರಮಾಣು ಸ್ಥಾವರಗಳಿಂದಾಗಿ. ಜಿರ್ಕೋನಿಯಂ ಬಿಸಿನೀರಿನಲ್ಲಿ ಸುಲಭವಾಗಿ ಕೊರೆದುಹೋಗದ ಲೋಹ. ಶುದ್ಧವಾಗಿದ್ದರೆ, ಬೀಜಗಳನ್ನು ಸೀಳಿ ಸ್ಥಾವರದ ವಿದಳನ ಕ್ರಿಯೆಯನ್ನು ನಡೆಸುವ ನ್ಯೂಟ್ರಾನುಗಳನ್ನೂ ಬಹಳ ಕಡಿಮೆ ಹೀರುತ್ತದೆ. ಹ್ಯಾಫ್ನಿಯಂ ಅದಕ್ಕಿಂತ ಐದುನೂರು ಪಟ್ಟಿಗೂ ಹೆಚ್ಚು ಹೀರುತ್ತದೆ. ಎರಡರ ಹೊರ ಎಲೆಕ್ಟ್ರಾನುಗಳ ಮೇಲಿನ ಹಿಡಿತ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಅವುಗಳ ರಾಸಾಯನಿಕ ನಡತೆ ಒಂದೇ, ಆದರೆ ಬೀಜಗಳು ಬೇರೆಯಾದ್ದರಿಂದ ನ್ಯೂಟ್ರಾನಿನ ಮುಂದೆ ಅವುಗಳ ನಡತೆ ಬೇರೆ. ನೂರು ವರ್ಷ ಯಾರಿಗೂ ತೊಂದರೆ ಕೊಡದೆ ಅಡಗಿದ್ದ ಬೆರಕೆಯನ್ನು ಈಗ ಬೇರ್ಪಡಿಸದೆ ಗತ್ಯಂತರವಿರಲಿಲ್ಲ, ಮತ್ತು 1940ರ ದಶಕದ ಕೊನೆಯಿಂದ ಅಮೆರಿಕದ ಓಕ್ ರಿಜ್‌ನಲ್ಲಿ ಇದಕ್ಕಾಗಿ ವಿಧಾನಗಳು ರೂಪುಗೊಂಡವು.

ಭಾರತದಲ್ಲಿ ಈ ಕೆಲಸ ನಡೆಯುವುದು 1971ರಲ್ಲಿ ಆರಂಭವಾದ ಹೈದರಾಬಾದಿನ ನ್ಯೂಕ್ಲಿಯರ್ ಫ್ಯೂಯಲ್ ಕಾಂಪ್ಲೆಕ್ಸಿನಲ್ಲಿ. ಕೇರಳ, ತಮಿಳುನಾಡು ಮತ್ತು ಒಡಿಶಾದ ಕಡಲತೀರದ ಮರಳಿನಿಂದ ಜಿರ್ಕಾನ್ ಖನಿಜ ದೊರೆಯುತ್ತದೆ, ಮತ್ತು ಅದರಿಂದ ತಯಾರಾದ ಮಿಶ್ರಲೋಹವೇ ಉತ್ತರ ಕನ್ನಡ ಜಿಲ್ಲೆಯ ಕಾಳಿ ನದಿಯ ದಂಡೆಯಲ್ಲಿರುವ ಕೈಗಾ ಸ್ಥಾವರದ ಇಂಧನದ ಹೊದಿಕೆಯಾಗುತ್ತದೆ. ಕೈಗಾದ ನಾಲ್ಕು ಘಟಕಗಳೂ ತಲಾ 220 ಮೆಗಾವಾಟ್ ಸಾಮರ್ಥ್ಯದವು. ಒಂದೊಂದರಲ್ಲೂ 306 ಅಡ್ಡಕೊಳವೆಗಳಿದ್ದು, ಅವುಗಳೊಳಗೆ ಕೂರುವ ಇಂಧನದ ಪ್ರತಿ ಕಟ್ಟಿನಲ್ಲಿ 19 ತೆಳುಗೊಳವೆಗಳಿರುತ್ತವೆ. ಇಲ್ಲಿ ಬಳಸುವುದು ಸಂವರ್ಧಿಸದ ಸಹಜ ಯುರೇನಿಯಂ. ಅದರಲ್ಲಿ ವಿದಳನಕ್ಕೆ ಸುಲಭವಾಗಿ ಒದಗುವ ಪಾಲು ನೂರಕ್ಕೆ ಒಂದಕ್ಕಿಂತಲೂ ಕಡಿಮೆಯಾದ್ದರಿಂದ ನ್ಯೂಟ್ರಾನುಗಳನ್ನು ಪೋಲು ಮಾಡುವಂತಿಲ್ಲ, ಮತ್ತು ಕೊಳವೆಯ ಲೋಹದಲ್ಲಿ ಹ್ಯಾಫ್ನಿಯಂ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತ ಹೆಚ್ಚು ಉಳಿಯುವಂತಿಲ್ಲ. ಬೇರ್ಪಡಿಸುವ ವಿಧಾನವೆಂದರೆ ಎರಡನ್ನೂ ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಟ್ರೈಬ್ಯುಟೈಲ್ ಫಾಸ್ಫೇಟ್ ಎಂಬ ದ್ರಾವಕದೊಡನೆ ಬೆರೆಸುವುದು. ಜಿರ್ಕೋನಿಯಂ ದ್ರಾವಕದತ್ತ ತುಸು ಹೆಚ್ಚು ಒಲಿಯುತ್ತದೆ, ಹ್ಯಾಫ್ನಿಯಂ ಆಮ್ಲದಲ್ಲೇ ಹೆಚ್ಚಾಗಿ ಉಳಿಯುತ್ತದೆ, ಮತ್ತು ಒಂದು ಹಂತದಲ್ಲಿ ಈ ವ್ಯತ್ಯಾಸ ಸಾಲದಾದ್ದರಿಂದ ಅದೇ ಕ್ರಿಯೆಯನ್ನು ಹಂತ ಹಂತವಾಗಿ ಮರುಕಳಿಸಬೇಕಾಗುತ್ತದೆ. ಹೀಗೆ ಹೊರತೆಗೆದ ಹ್ಯಾಫ್ನಿಯಂ ಕೂಡ ವ್ಯರ್ಥವಲ್ಲ; ನ್ಯೂಟ್ರಾನುಗಳನ್ನು ಹೀರುವ ಅದೇ ಗುಣದಿಂದಾಗಿ ಅಮೆರಿಕದ ಮೊದಲ ಪರಮಾಣು ಜಲಾಂತರ್ಗಾಮಿಯ ಕಾಲದಿಂದಲೂ ಸ್ಥಾವರಗಳ ನಿಯಂತ್ರಣ ಸರಳುಗಳಿಗೆ ಅದನ್ನು ಬಳಸುತ್ತ ಬರಲಾಗಿದೆ.